ದೊಡ್ಡಸ್ವಾಮಿಯವರಿಗೆ ಕುಂತೂರಿನವನ ಅರಿಕೆ

ಮಹಾರಾಜಶ್ರೀ ಅಬ್ಬೆ ದುಬಾಯ್ ದೊಡ್ಡಸ್ವಾಮಿಯವರ ಸನ್ನಿಧಾನಕ್ಕೆ,
128, ರ್‍ಯೂ ದ್ಯು ಬಾಕ್, ಪ್ಯಾರಿಸ್.

ಬುದ್ಧೀ,

ಕೊಳ್ಳೇಗಾಲ ತಾಲ್ಲೂಕು ಕುಂತೂರಿನವನೊಬ್ಬ, ಸದ್ಯ ನಿಮ್ಮ ದೇಶದ ಲಿಯೋನ್ ಪಟ್ಟಣದಲ್ಲಿ ಕಂಪ್ಯೂಟರ್ ಕುಟ್ಟಿಕೊಂಡು ಹೊಟ್ಟೆ ಹೊರೆಯುತ್ತಿರುವವನು, ಮಾಡುವ ಶರಣು. ತಾವು 1848ರಲ್ಲೇ ತೀರಿಕೊಂಡಿರುವುದು ಗೊತ್ತಿದೆ. ಆದರೆ ಇಲ್ಲಿನ ಕಚೇರಿಗಳಿಂದ ಉತ್ತರ ಬರುವ ವೇಗ ನೋಡಿದ ಮೇಲೆ, ಇರುವವರಿಗೆ ಬರೆಯುವುದೂ ಇಲ್ಲದವರಿಗೆ ಬರೆಯುವುದೂ ಒಂದೇ ಅನ್ನಿಸಿದೆ.

ವಿಷಯ ಏನೆಂದರೆ, ನಿಮಗೊಂದು ಬಾಕಿ ಸಂದಾಯ ಮಾಡಬೇಕಾಗಿದೆ. ತಾವು ಫ್ರಾನ್ಸಿನಲ್ಲಿ ಕ್ರಾಂತಿ ಹೊತ್ತಿ ಉರಿಯುತ್ತಿದ್ದಾಗ, 1792ರಲ್ಲಿ, ಕ್ರೈಸ್ತ ಪಾದ್ರಿಯಾಗಿ ನಮ್ಮ ಕಡೆಗೆ ಬಂದಿರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯೂ ಮೈಸೂರು ಸೀಮೆಯ ಹಳ್ಳಿಗಳಲ್ಲಿಯೂ ನಮ್ಮವರಂತೆ ನಿಲುವಂಗಿ ತೊಟ್ಟು, ರುಮಾಲು ಸುತ್ತಿ, ನಮ್ಮವರ ಊಟವನ್ನೇ ಉಂಡು, ನಮ್ಮ ರೀತಿ ರಿವಾಜು, ಮಡಿ ಮೈಲಿಗೆ, ಮದುವೆ ಮಸಣಗಳನ್ನೆಲ್ಲ ದಪ್ಪ ಹಸ್ತಪ್ರತಿಯಾಗಿ ಬರೆದಿರಿ. ಅದನ್ನು ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ನಕ್ಷತ್ರ ವರಾಹ ಕೊಟ್ಟು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮನ್ನು ಆಳಲು ಬಂದ ದೊರೆಮಕ್ಕಳು ನಮ್ಮ ಮುಖ ನೋಡುವ ಮೊದಲು ನಿಮ್ಮ ಪುಸ್ತಕ ನೋಡುತ್ತಿದ್ದರು. ಸಿಲ್ವಿಯಾ ಮ್ಯೂರ್ ಎಂಬ ನಿಮ್ಮ ದೇಶದ ವಿದುಷಿಯೇ 1987ರಲ್ಲಿ ಆ ಪುಸ್ತಕದ ಬಹುಭಾಗ ನಿಮಗಿಂತ ಮೊದಲಿದ್ದ ಕೂರ್ದೂ ಪಾದ್ರಿಗಳ ಬರಹದಿಂದ ಎತ್ತಿದ್ದು ಎಂದು ತೋರಿಸಿಕೊಟ್ಟಿದ್ದಾರೆ. ಇರಲಿ ಬಿಡಿ, ವರಾಹ ಎಣಿಸಿಕೊಂಡವರು ತಾವೇ ತಾನೆ.

ಕುಂತೂರಿನವರು ಋಣ ಉಳಿಸಿಕೊಳ್ಳುವವರಲ್ಲ. ನಮ್ಮ ಬಗ್ಗೆ ತಾವು ಬರೆದಿರಿ, ನಿಮ್ಮವರ ಬಗ್ಗೆ ನಾನು ಬರೆಯುತ್ತೇನೆ. ಅಮೆರಿಕದವರು ಈ ಕೆಲಸವನ್ನು ಆಗಲೇ ಶುರು ಹಚ್ಚಿಕೊಂಡಿದ್ದಾರೆ. ಫ್ರಾನ್ಸಿನಲ್ಲಿ ನಾಲ್ಕು ದಿನ ಇದ್ದರೆ ಪುಸ್ತಕ, ಎಂಟು ದಿನ ಇದ್ದರೆ ಸೀರಿಯಲ್. ಅವರ ದೂರುಗಳು ಸಣ್ಣವು: ನೀರಿಗೆ ಐಸ್ ಹಾಕುವುದಿಲ್ಲ, ಭಾನುವಾರ ಅಂಗಡಿ ತೆಗೆಯುವುದಿಲ್ಲ, ಮಾಣಿ ನಗುವುದಿಲ್ಲ. ನಮಗೆ ಇವೆಲ್ಲ ದೂರುಗಳೇ ಅಲ್ಲ. ಮಾಣಿ ನಕ್ಕರೆ ಬಿಲ್ಲಿನಲ್ಲಿ ಏನೋ ಎಡವಟ್ಟಾಗಿದೆ ಎಂದು ಅನುಮಾನ ಪಡುವವರು ನಾವು.

ಈ ಕೆಲಸಕ್ಕೆ ನನಗೇನು ಯೋಗ್ಯತೆ ಎಂದು ಕೇಳಬಹುದು. ಗಡಿ ದಾಟುವ ವಿದ್ಯೆಯಲ್ಲಿ ನಮ್ಮ ತಾಲ್ಲೂಕಿನವರನ್ನು ಮೀರಿಸುವವರಿಲ್ಲ. ತಾವು ಶ್ರೀರಂಗಪಟ್ಟಣದಲ್ಲಿದ್ದಾಗಲೇ ಕೊಳ್ಳೇಗಾಲ ಮೈಸೂರಿನ ಕೈತಪ್ಪಿ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಹೋಗಿತ್ತು. 1956ರಲ್ಲಿ ನಮ್ಮ ತಾತ ಜಗುಲಿಯಿಂದ ಕೆಳಗಿಳಿಯದೆ ಮದ್ರಾಸಿನಿಂದ ಮೈಸೂರಿಗೆ ವಲಸೆ ಬಂದರು. 1997ರಲ್ಲಿ ಅದೇ ಜಗುಲಿ ಮೈಸೂರು ಜಿಲ್ಲೆ ಬಿಟ್ಟು ಚಾಮರಾಜನಗರಕ್ಕೆ ಹೊರಟಿತು. ನಮ್ಮ ದೇವರೂ ಹೊರಗಿನಿಂದ ಬಂದವನೇ. ಉತ್ತರದೇಶದ ಮಾದಪ್ಪ ಸುತ್ತೂರು ಮಠದಲ್ಲಿ ರಾಗಿ ಬೀಸಿ, ನಮ್ಮ ಕುಂತೂರು ಮಠ ಹಾದು, ಎಪ್ಪತ್ತೇಳು ಮಲೆಗೆ ಹೋಗಿ ನೆಲೆಸಿದ ಎಂದು ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರೆ. ವಾಸದ ಪರವಾನಗಿ ಸಿಗುವ ಮೊದಲು ಎಲ್ಲರೂ ಒಂದಿಷ್ಟು ರಾಗಿ ಬೀಸಲೇಬೇಕು ಎಂಬುದು ಹೀಗಾಗಿ ನನಗೆ ಮೊದಲೇ ಗೊತ್ತಿತ್ತು. ಎಷ್ಟು ಪಲ್ಲ ಬೀಸಬೇಕು ಎಂಬುದು ಗೊತ್ತಿರಲಿಲ್ಲ.

ಇಲ್ಲಿಂದ ನನ್ನ ಗ್ರಂಥ ಶುರು.

ಈ ಜನ ಕಾಗದವನ್ನು ಪೂಜಿಸುತ್ತಾರೆ. ಮನೆ ಬಾಡಿಗೆಗೆ ಬೇಕಾದರೆ ಬ್ಯಾಂಕ್ ಖಾತೆ ಇರಬೇಕು, ಖಾತೆ ತೆರೆಯಬೇಕಾದರೆ ಮನೆ ಇರಬೇಕು. ಮನುಷ್ಯ ಒಂದು ವಿಳಾಸದಲ್ಲಿ ವಾಸವಾಗಿದ್ದಾನೆ ಎಂಬುದಕ್ಕೆ ಅವನೇ ಅಲ್ಲಿ ಬಾಗಿಲು ತೆರೆದು ನಿಂತರೂ ಸಾಲದು, ಕರೆಂಟ್ ಬಿಲ್ ಸಾಕ್ಷಿ ಹೇಳಬೇಕು. ಎಲ್ಲಕ್ಕಿಂತ ಗಹನವಾದದ್ದು ಜನನ ಪ್ರಮಾಣಪತ್ರದ ತತ್ತ್ವ. ನಾನು ಹೋದ ಕಚೇರಿಯವರ ಪ್ರಕಾರ ಅದು ಮೂರು ತಿಂಗಳಿಗಿಂತ ಹಳೆಯದಾಗಿರಬಾರದಂತೆ. ನಾನು ಹುಟ್ಟಿದ್ದು ನಿಜವೇ, ಆದರೆ ಆ ನಿಜ ಮೂರು ತಿಂಗಳಿಗೊಮ್ಮೆ ಹಳಸುತ್ತದೆ. ಹೊಸದು ತರಿಸಿಕೊಡಿ ಎಂದು ಊರಿಗೆ ಫೋನ್ ಮಾಡಿದೆ. ನಮ್ಮ ಕಡೆಯ ಸರ್ಕಾರಿ ಕಚೇರಿಯೊಂದರ ಗುಮಾಸ್ತರು ಕನ್ನಡಕ ಮೇಲಕ್ಕೇರಿಸಿ ನಮ್ಮಣ್ಣನನ್ನು ಕೇಳಿದರಂತೆ, “ಯಾಕಪ್ಪ, ನಿನ್ನ ತಮ್ಮ ಇನ್ನೊಂದ್ಸಲ ಹುಟ್ಟಿದ್ನಾ?” ಪುನರ್ಜನ್ಮ ನಂಬುವವರು ಹಿಂದೂಗಳು ಎಂದು ತಾವು ಬರೆದಿದ್ದಿರಿ, ಬುದ್ಧೀ. ಪ್ರತಿ ಮೂರು ತಿಂಗಳಿಗೆ ಅದನ್ನು ಕಡ್ಡಾಯ ಮಾಡಿರುವವರು ನಿಮ್ಮವರು.

ನಮ್ಮಲ್ಲೇನು ಕಮ್ಮಿ ಎಂದು ಕೇಳಿದರೆ, ಏನೂ ಕಮ್ಮಿಯಿಲ್ಲ. ನಮ್ಮ ಪಕ್ಕದ ಹನೂರು ಕಡೆಯ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟ್ಟಿನವರು ಮುಸುಕಿನ ಜೋಳ ಬೆಳೆದುಕೊಂಡಿದ್ದಾರೆ. ಅಲ್ಲಿ ಹುಟ್ಟಿ, ಸಂತೆಯಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡಿ ಬೆಳೆದವರಲ್ಲೂ ಬಹಳಷ್ಟು ಮಂದಿ ವಿದೇಶಿಯರ ನೋಂದಣಿ ಚೀಟಿಯನ್ನು ನವೀಕರಿಸುತ್ತ ಇರಬೇಕು. ಲಿಯೋನಿನ ಸರದಿ ಸಾಲಿನಲ್ಲಿ ನಿಂತಾಗ ನನಗೆ ಅವರ ನೆನಪಾಯಿತು. ಊರಲ್ಲಿದ್ದಾಗ ಒಮ್ಮೆಯೂ ಆಗಿರಲಿಲ್ಲ.

ಹೆಸರಿನದೂ ಒಂದು ಕಥೆ. ಇಲ್ಲಿ ಮನೆತನದ ಹೆಸರು ಇಲ್ಲದವನು ಮನುಷ್ಯನೇ ಅಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದಾಗ ಊರಿನ ಹೆಸರು ಆ ಜಾಗಕ್ಕೆ ಹೋಗಿ ಕೂತಿತ್ತು. ಈಗ ಡಾಕ್ಟರು, ಪೋಸ್ಟ್‌ಮ್ಯಾನು, ಮಗಳ ಮೇಡಂ ಎಲ್ಲರಿಗೂ ನಾನು ಮೊಸಿಯೋ ಕುಂತೂರು. ಸಕ್ಕರೆ ಕಾರ್ಖಾನೆ, ಪ್ರಭುಸ್ವಾಮಿ ಬೆಟ್ಟ ಸಮೇತ ಇಡೀ ಊರನ್ನು ಒಬ್ಬನೇ ಹೊತ್ತು ತಿರುಗುತ್ತಿದ್ದೇನೆ. ನನ್ನ ಹೆಂಡತಿ ಟಿ. ನರಸೀಪುರದ ಕಡೆಯವಳು. ಅವಳಿಗೂ ಕುಂತೂರು ಅಂಟಿಕೊಂಡಿರುವುದರ ಬಗ್ಗೆ ಮನೆಯಲ್ಲಿ ಇನ್ನೂ ಪಂಚಾಯಿತಿ ನಡೆದಿದೆ.

ಇನ್ನು ಭೋಜನವಿಧಿ. ಬ್ರಾಹ್ಮಣರ ಊಟದ ಕಟ್ಟುಕಟ್ಟಳೆ ಕಂಡು ತಾವು ಬೆರಗಾಗಿದ್ದಿರಿ. ನಿಮ್ಮ ತವರಿನಲ್ಲಿ ನಾನು ಕಂಡದ್ದು ಇದು. ಎರಡೂ ಕೈ ಮೇಜಿನ ಮೇಲೆ ಕಾಣುತ್ತಿರಬೇಕು. ಸೊಪ್ಪನ್ನು ಚಾಕುವಿನಲ್ಲಿ ಕತ್ತರಿಸಕೂಡದು, ಮಡಚಿ ಬಾಯಿಗಿಡಬೇಕು. ಚೀಸ್ ಸಿಹಿಗಿಂತ ಮೊದಲು, ಕಾಫಿ ಸಿಹಿಯ ನಂತರ. ಅದಲು ಬದಲಾದರೆ ಅಪಚಾರ. ತ್ರಿಕೋನಾಕಾರದ ಚೀಸಿನ ಮೂತಿಯನ್ನು ಕುಯ್ದುಕೊಂಡವನನ್ನು ಮತ್ತೆ ಊಟಕ್ಕೆ ಕರೆಯುವುದಿಲ್ಲ. ಗ್ಲಾಸಿಗೆ ಗ್ಲಾಸು ತಾಗಿಸುವಾಗ ಎದುರಿನವರ ಕಣ್ಣಲ್ಲಿ ಕಣ್ಣಿಡಬೇಕು, ಒಬ್ಬರ ಕೈ ಮೇಲೆ ಇನ್ನೊಬ್ಬರ ಕೈ ಅಡ್ಡ ಬರಬಾರದು. ಬ್ರೆಡ್ಡನ್ನು ಮಕಾಡೆ ಇಟ್ಟರೆ ಅನಿಷ್ಟ, ಹಿಂದೆ ತಲೆ ಕಡಿಯುವವನಿಗೆ ಮೀಸಲಿಟ್ಟ ಬ್ರೆಡ್ಡನ್ನು ಹಾಗೆ ತಿರುಗಿಸಿಡುತ್ತಿದ್ದರಂತೆ. ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು, ದೇವರು ದಿಂಡರು ಒಂದನ್ನೂ ನಂಬದವರು, ನಾನು ಮಕಾಡೆ ಇಟ್ಟ ಬ್ರೆಡ್ಡನ್ನು ಮಾತಿನ ನಡುವೆಯೇ ಮೆಲ್ಲಗೆ ತಿರುಗಿಸಿಟ್ಟರು. ಇಂಥದ್ದನ್ನು ನಮ್ಮಲ್ಲಿ ಕಂಡಾಗ ತಾವು ಯಾವ ಮಾತು ಬಳಸುತ್ತಿದ್ದಿರಿ ಎಂಬುದನ್ನು ನಾನು ನೆನಪಿಸಬೇಕಿಲ್ಲ.

ಕಾಲವೂ ಕಟ್ಟುನಿಟ್ಟು. ಹನ್ನೆರಡರಿಂದ ಎರಡರವರೆಗೆ ಊಟ, ಆಮೇಲೆ ಅಡುಗೆಮನೆಗೆ ಬೀಗ, ಮತ್ತೆ ಬೆಂಕಿ ಹಚ್ಚುವುದು ಸಂಜೆ ಏಳಕ್ಕೆ. ಎರಡೂವರೆಗೆ ಹಸಿವಾದವನು ಪಾಪಿ. ಕೆಲಸದ ಮೇಜಿನ ಮೇಲೆ ಬುತ್ತಿ ಬಿಚ್ಚುವುದಕ್ಕೆ ಕಾರ್ಮಿಕ ಸಂಹಿತೆಯಲ್ಲೇ ನಿಷೇಧವಿದೆ. ಕೊರೊನಾ ಕಾಲದಲ್ಲಿ, 2021ರ ಫೆಬ್ರವರಿಯಲ್ಲಿ, ಅದನ್ನು ಸಡಿಲಿಸಲು ಸರ್ಕಾರವೇ ಆದೇಶ ಹೊರಡಿಸಬೇಕಾಯಿತು. ಮಡಿ ಅಂದರೆ ಇದು. ಸೋಮವಾರ ನಮ್ಮ ಮನೆಯಲ್ಲಿ ಮಾದಪ್ಪನ ವಾರ, ಮಾಂಸ ಮುಟ್ಟುವುದಿಲ್ಲ. ಇಲ್ಲಿ ಬಹಳಷ್ಟು ಹೋಟೆಲುಗಳು ಸೋಮವಾರ ಬಾಗಿಲನ್ನೇ ತೆಗೆಯುವುದಿಲ್ಲ. ಮಾದಪ್ಪನ ಮಹಿಮೆ ಏಳು ಸಮುದ್ರದಾಚೆಗೂ ಹಬ್ಬಿದೆ ಎಂದು ಊರಿಗೆ ತಿಳಿಸಿದ್ದೇನೆ.

ಜನವರಿಯಲ್ಲಿ ಸಹೋದ್ಯೋಗಿಯೊಬ್ಬರ ಮನೆಗೆ ಗಾಲೆಟ್ ತಿನ್ನಲು ಕರೆದಿದ್ದರು. ದುಂಡಗಿನ ಪದರಪದರದ ಕೇಕು, ಒಳಗೆಲ್ಲೋ ಬೆರಳ ತುದಿಯಷ್ಟು ಪಿಂಗಾಣಿ ಗೊಂಬೆ. ಮನೆಯ ಚಿಕ್ಕ ಮಗು ಮೇಜಿನಡಿ ನುಗ್ಗಿ ಕೂರಬೇಕು, ಮೇಲೆ ಅಮ್ಮ ಒಂದೊಂದೇ ತುಂಡಿನ ಮೇಲೆ ಚಾಕು ಇಟ್ಟು “ಇದು ಯಾರಿಗೆ?” ಎನ್ನಬೇಕು, ಕೆಳಗಿನಿಂದ ದೈವವಾಣಿ ಬರಬೇಕು. ಮೂರನೆಯ ತುಂಡಿಗೆ “ಮೊಸಿಯೋ ಕುಂತೂರಿಗೆ” ಎಂದಿತು ಮಗು. ಗೊಂಬೆ ನನ್ನ ದವಡೆಗೇ ಸಿಕ್ಕಿತು. ಬಂಗಾರದ ಬಣ್ಣದ ರಟ್ಟಿನ ಕಿರೀಟ ತೊಡಿಸಿ ಎಲ್ಲರೂ ಚಪ್ಪಾಳೆ ತಟ್ಟಿದರು. ಇಬ್ಬರು ಎಂಜಿನಿಯರು, ಒಬ್ಬ ವಕೀಲೆ, ಒಬ್ಬ ಕಮ್ಯುನಿಸ್ಟ್. ರಾಜನ ತಲೆ ತೆಗೆದ ದೇಶದ ನಾಗರಿಕರು. ಅಧ್ಯಕ್ಷರ ಅರಮನೆಗೆ ಹೋಗುವ ಗಾಲೆಟ್‌ನಲ್ಲಿ ಮಾತ್ರ ಗೊಂಬೆ ಇಡುವುದಿಲ್ಲವಂತೆ. ಗಣರಾಜ್ಯದಲ್ಲಿ ಅಪ್ಪಿತಪ್ಪಿ ರಾಜ ಹುಟ್ಟಬಾರದಲ್ಲ.

ನಮ್ಮ ರಾಹುಕಾಲ ಗುಳಿಕಕಾಲಗಳನ್ನು ಕಂಡು ನಗುವವರಿಗೆ ಇಲ್ಲಿನ ಬಿಜೋನ್ ಫ್ಯುತೆ ತೋರಿಸಬೇಕು. 1976ರಿಂದ ನಡೆದುಕೊಂಡು ಬಂದಿರುವ ಸರ್ಕಾರಿ ಪಂಚಾಂಗ. ಯಾವ ದಿನ ಹೆದ್ದಾರಿಗೆ ಇಳಿಯಬಹುದು ಎಂಬುದನ್ನು ಹಸಿರು, ಕಿತ್ತಳೆ, ಕೆಂಪು, ಕಪ್ಪು ಎಂದು ಬಣ್ಣ ಬಳಿದು ಹೇಳುತ್ತದೆ. ಆಗಸ್ಟ್ ಹತ್ತಿರವಾದರೆ ಲಿಯೋನಿನಿಂದ ದಕ್ಷಿಣಕ್ಕೆ ಹೋಗುವ ರಸ್ತೆಗೆ ಕಪ್ಪು ದಿನ ಬರುತ್ತದೆ. ಹೊರಡಬೇಡಿ ಎಂದು ರೇಡಿಯೋ ಕೂಗುತ್ತದೆ. ಎಲ್ಲರೂ ಅವತ್ತೇ ಹೊರಡುತ್ತಾರೆ. ಈ ವಿಷಯದಲ್ಲಿ ನಮ್ಮ ಜನ ಹೆಚ್ಚು ವಿಚಾರವಂತರು, ರಾಹುಕಾಲ ಕಳೆಯುವ ತನಕ ಕಾಯುತ್ತಾರೆ.

ಮುಷ್ಕರ ಇಲ್ಲಿನ ಜಾತ್ರೆ. ತಿಥಿ ಮೊದಲೇ ಗೊತ್ತುಮಾಡಿ ಸಾರುತ್ತಾರೆ, ತಮಟೆ ಇರುತ್ತದೆ, ರಸ್ತೆ ಬದಿಯಲ್ಲಿ ಕೆಂಡದ ಮೇಲೆ ಸಾಸೇಜ್ ಬೇಯುತ್ತಿರುತ್ತದೆ. 2023ರಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಿದಾಗ ತಿಂಗಳುಗಟ್ಟಲೆ ಜಾತ್ರೆ ನಡೆಯಿತು. ಸತ್ಯ ಹೇಳಬೇಕೆಂದರೆ ಇದೊಂದು ನನಗೆ ಹಿಡಿಸಿದೆ. ವರ್ಷಕ್ಕೆ ಐದು ವಾರ ಸಂಬಳ ಸಹಿತ ರಜೆ ಪ್ರಾರ್ಥನೆ ಮಾಡಿದ್ದಕ್ಕೆ ಬಂದದ್ದಲ್ಲ. ಬೆಂಗಳೂರಿನಲ್ಲಿ ವಾರಕ್ಕೆ ಎಪ್ಪತ್ತು ಗಂಟೆ ದುಡಿಯಿರಿ ಎಂದು ಹಿರಿಯರು ಉಪದೇಶ ಮಾಡುತ್ತಿರುವ ಈ ದಿನಗಳಲ್ಲಿ, ವಾರಕ್ಕೆ 35 ಗಂಟೆ ಎಂದು ಕಾನೂನು ಮಾಡಿಕೊಂಡ ಜನರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಅಧ್ಯಾಯ ಬರೆಯಲು ಸಂಕೋಚ. ಆದರೆ ಬ್ರಾಹ್ಮಣರು ಚೊಂಬು ಹಿಡಿದು ಬಯಲಿಗೆ ಹೋಗುವ ವಿಧಾನವನ್ನು ತಾವು ನಿಯಮ ನಿಯಮವಾಗಿ ಬಿಡಿಸಿ ಬರೆದವರು, ನಿಮ್ಮೆದುರು ಯಾವ ಮುಜುಗರ? ಬುದ್ಧೀ, ನಿಮ್ಮವರು ನೀರು ಮುಟ್ಟುವುದಿಲ್ಲ. ಅದಕ್ಕೆಂದೇ ಬಿದೆ ಎಂಬ ಸಲಕರಣೆ ಕಂಡುಹಿಡಿದದ್ದೂ ನಿಮ್ಮವರೇ, ಮನೆಮನೆಯಿಂದ ಅದನ್ನು ಕಿತ್ತೆಸೆದದ್ದೂ ನಿಮ್ಮವರೇ. ಶೌಚದ ಕೋಣೆ ಬೇರೆ, ಕೈ ತೊಳೆಯುವ ಕೋಣೆ ಬೇರೆ. ಇಲ್ಲಿ ಒಂದೂ ಹೂಗಿಡವಿಲ್ಲದ ಭಾರತೀಯರ ಮನೆಯ ಶೌಚಾಲಯದಲ್ಲಿ ಗಿಡಕ್ಕೆ ನೀರುಣಿಸುವ ಹಸಿರು ಪ್ಲಾಸ್ಟಿಕ್ ಪಾತ್ರೆ ಕಂಡರೆ ಅತಿಥಿಗಳು ತೋಟಗಾರಿಕೆಯ ಬಗ್ಗೆ ಪ್ರಶ್ನೆ ಕೇಳಬಾರದು.

ಜಾತಿ? ಇಲ್ಲವೇ ಇಲ್ಲ. ಜನಗಣತಿಯಲ್ಲೂ ಕುಲ ಕೇಳುವಂತಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಪಾಲಿಟೆಕ್ನಿಕ್ ಎಂಬ ಇಲ್ಲಿನ ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆ ಪಾಸಾದವನು ಅರವತ್ತರಲ್ಲೂ ಆ ವರ್ಷವನ್ನು ಹೆಸರಿನ ಪಕ್ಕ ಬರೆದುಕೊಳ್ಳುತ್ತಾನೆ, ಅಷ್ಟೆ. ಸಂಬಳ ಎಷ್ಟೆಂದು ಸಾಯುವ ತನಕ ಯಾರೂ ಕೇಳುವುದಿಲ್ಲ, ಯಾವ ಶಾಲೆ ಎಂದು ಮೊದಲ ದಿನವೇ ಕೇಳುತ್ತಾರೆ. ಇದನ್ನು ಓದಿ ನಮ್ಮವರು ಹಿಗ್ಗುವುದು ಬೇಡ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವನು ಮುಂದಿನ ಸ್ಟಾಪ್ ಬರುವುದರೊಳಗೆ ಸಂಬಳ ಕೇಳುತ್ತಾನೆ. ಜಾತಿ ಕೇಳುವುದಿಲ್ಲ, ಯಾವ ಬೀದಿ ಎಂದು ಕೇಳುತ್ತಾನೆ.

ತಮ್ಮ ಒಂದು ಉಪಕಾರವನ್ನು ನಾನು ಮರೆಯುವಂತಿಲ್ಲ. 1803-04ರಲ್ಲಿ ತಾವು ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಿಡಿದು ತಿರುಗಿ, 25 ಸಾವಿರಕ್ಕೂ ಹೆಚ್ಚು ಜನಕ್ಕೆ ಚುಚ್ಚಿಸಿದಿರಿ. ಅಂಥ ಕೆಲಸ ಈಗ ನಿಮ್ಮೂರಲ್ಲೇ ಬಾಕಿ ಇದೆ. 2016ರಲ್ಲಿ 67 ದೇಶಗಳಲ್ಲಿ ಸಮೀಕ್ಷೆ ಮಾಡಿದಾಗ, ಲಸಿಕೆ ಸುರಕ್ಷಿತವಲ್ಲ ಎಂದವರು ಎಲ್ಲ ದೇಶಗಳಿಗಿಂತ ಹೆಚ್ಚು ಸಿಕ್ಕಿದ್ದು ಫ್ರಾನ್ಸಿನಲ್ಲಿ, ನೂರಕ್ಕೆ 41 ಮಂದಿ.

31 ವರ್ಷ ನಮ್ಮೊಡನಿದ್ದು 1823ರಲ್ಲಿ ಹಡಗು ಹತ್ತಿದ ತಾವು, ಈ ಹಿಂದೂಗಳನ್ನು ಮತಾಂತರ ಮಾಡುವುದು ಯಾರಿಂದಲೂ ಸಾಧ್ಯವಿಲ್ಲ ಎಂದು ಅದೇ ವರ್ಷ ಅಚ್ಚು ಮಾಡಿಸಿದಿರಿ. ನಿಮ್ಮ ಜನರ ಬಗ್ಗೆ ನನ್ನ ತೀರ್ಪೂ ಅದೇ. ಮಧ್ಯಾಹ್ನ ಎರಡೂವರೆಗೆ ಒಂದು ತಟ್ಟೆ ಬಿಸಿ ಅನ್ನ ಹಾಕಿಸುವ ಪ್ರಯತ್ನವನ್ನು ನಾನು ಕೈಬಿಟ್ಟಿದ್ದೇನೆ.

ಇತಿ ತಮ್ಮ ವಿಧೇಯ,
ಮೊಸಿಯೋ ಕುಂತೂರು, ಲಿಯೋನ್

ವಿ.ಸೂ.: ಫ್ರಾನ್ಸಿಗೆ ಹೊರಟಿರುವ ಕನ್ನಡ ಓದುಗರಲ್ಲಿ ಮನವಿ. ಜನನ ಪ್ರಮಾಣಪತ್ರವನ್ನು ಟಿಕೆಟ್ ಬುಕ್ ಮಾಡಿದ ಮೇಲೆಯೇ ಮಾಡಿಸಿ, ಮೊದಲೇ ಮಾಡಿಸಿದರೆ ಹಳಸುತ್ತದೆ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಡಬ್ಬಿಯ ಪಕ್ಕ ಒಂದು ಚೊಂಬಿಗೂ ಜಾಗ ಬಿಡಿ.