ಸಾಹೇಬರು 3000 ಆರ್‌ಪಿಎಂನಲ್ಲಿದ್ದಾರೆ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಎಂದರೆ ಜನಕ್ಕೆ ನೆನಪಾಗುವುದು ಶಿಂಷಾ ನದಿಯ ಡ್ಯಾಮು, ಅದರ ಸೈಫನ್. ನಾವು ಹೋದದ್ದು ಡ್ಯಾಮು ನೋಡಲಿಕ್ಕಲ್ಲ. ಅಲ್ಲಿನ ಮೆಕ್ಯಾನಿಕ್ ಹುಡುಗನೊಬ್ಬನ ಪಡಸಾಲೆಯಲ್ಲಿ ಕಾರಿನ ಇಸಿಯು ಸಾಹೇಬರು ಬಿಡಾರ ಹೂಡಿದ್ದಾರೆಂದು ಸುದ್ದಿಯಿತ್ತು. ಇಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವ ಗಳಿಗೆಗೆ ಕಿಡಿ ಎಂದು ಅಪ್ಪಣೆ ಕೊಡುವ ಅಧಿಕಾರಿ ಇವರೇ. ಒಂದು ಪ್ಲೈವುಡ್ ಹಲಗೆ, ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್‌ನಿಂದ 12 ವೋಲ್ಟು, ನಡುವೆ ಫ್ಯೂಸು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಆರ್ಡುವಿನೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡು, ರೇಡಿಯೋ ವಾಲ್ಯೂಮ್ ತಿರುಗಿಸುವಂಥ ಒಂದೆರಡು ಗುಂಡಿ, ಇಂಜೆಕ್ಟರ್ ಇರಬೇಕಾದ ಜಾಗದಲ್ಲಿ ನಾಲ್ಕು ಎಲ್‌ಇಡಿ. ಕಾರು ಮಾತ್ರ ಇಲ್ಲ.

ನಮಸ್ಕಾರ ಸಾಹೇಬರೇ, ಬಿಡುವಾಗಿದ್ದೀರಾ?

ಬಿಡುವೇ? ಕಾಣೋದಿಲ್ವೇ ಸ್ವಾಮಿ, 3000 ಆರ್‌ಪಿಎಂನಲ್ಲಿ ಇಂಜಿನ್ ಓಡಿಸ್ತಾ ಇದ್ದೀನಿ. ಬೇಗ ಕೇಳಿ.

ಯಾವ ಇಂಜಿನ್?

ವರದಿಯಲ್ಲಿರೋ ಇಂಜಿನ್. ಕ್ರ್ಯಾಂಕಿನ ಚಕ್ರದಲ್ಲಿ 60 ಹಲ್ಲಿನ ಜಾಗ ಇರುತ್ತೆ, ಅದರಲ್ಲಿ ಎರಡನ್ನ ಬೇಕಂತಲೇ ಬಿಟ್ಟಿರ್ತಾರೆ. ಆ ಬೋಳು ಜಾಗ ಸೆನ್ಸರಿನ ಮುಂದೆ ಹಾದಾಗಲೇ ಪಿಸ್ಟನ್ ಎಲ್ಲಿದೆ ಅಂತ ನನಗೆ ಲೆಕ್ಕ ಸಿಗೋದು. ಈಗ ಸೆಕೆಂಡಿಗೆ 2900 ಹಲ್ಲು ಎಣಿಸ್ತಾ ಇದ್ದೀನಿ. ಇನ್ನೇನು ಸಾಕ್ಷಿ ಬೇಕು?

ಆ ಹಲ್ಲುಗಳನ್ನು ಆರ್ಡುವಿನೊ ತಾನೇ ಹುಟ್ಟಿಸಿ ಕಳಿಸುತ್ತಿದೆಯಲ್ಲ. ಚಕ್ರವೇ ಇಲ್ಲ.

ಕಳಿಸಿದವರು ಯಾರು ಅನ್ನೋದು ನನ್ನ ವ್ಯಾಪ್ತಿಗೆ ಬರೋಲ್ಲ. ನಮೂನೆ ಸರಿಯಾಗಿದೆ, ವೋಲ್ಟೇಜ್ ಸರಿಯಾಗಿದೆ, ಮಂಜೂರು ಮಾಡಿದ್ದೀನಿ. ಎದುರುಗಡೆ ನೋಡಿ, ನಾಲ್ಕೂ ಸಿಲಿಂಡರಿಗೆ ಪೆಟ್ರೋಲು ಬಿಡುಗಡೆ ಆಗ್ತಾ ಇದೆ.

(ನಾಲ್ಕು ಎಲ್‌ಇಡಿಗಳು ಸರದಿಯಲ್ಲಿ ಮಿನುಗುತ್ತಿದ್ದವು. ಒಳಗಿನಿಂದ ಬಂದ ಮನೆಯ ಅಜ್ಜಿ ಹಲಗೆಯ ಹಿಂದೆ ಮುಂದೆ ಇಣುಕಿ, "ಇಂಜಿನ್ ಎಲ್ಲೈತೋ ಮಗ?" ಎಂದು ಕೇಳಿತು. ಹುಡುಗ ನಕ್ಕ. ಸಾಹೇಬರು ನಗಲಿಲ್ಲ.)

ಇಲ್ಲಿಗೆ ವರ್ಗವಾಗಿ ಬಂದದ್ದು ಹೇಗೆ?

ಗುದ್ದಿಸಿಕೊಂಡ ಕಾರಿನಲ್ಲಿದ್ದೆ. ಶಿವಾಜಿನಗರದ ಗುಜರಿಯಲ್ಲಿ ಈ ಹುಡುಗ ಚೌಕಾಸಿ ಮಾಡಿ ಕೊಂಡ. ಜಾಣ, ಅದೇ ಕಾರಿನ ಮೀಟರ್ ಬೋರ್ಡು, ಕೀಲಿ, ವೈರಿಂಗಿನ ಕಪ್ಲರ್ ಎಲ್ಲಾ ಜೊತೆಗೇ ಕತ್ತರಿಸಿ ತಂದ. ಕೀಲಿಯೊಳಗಿನ ಚಿಪ್ಪು ಗುರುತು ಹೇಳದಿದ್ದರೆ ನಾನು ಒಂದು ತೊಟ್ಟು ಪೆಟ್ರೋಲನ್ನೂ ಬಿಡೋನಲ್ಲ. ಇಂಜಿನ್ ಇಲ್ಲದಿದ್ದರೆ ನಡೆಯುತ್ತೆ, ಗುರುತಿನ ಚೀಟಿ ಇಲ್ಲದಿದ್ದರೆ ನಡೆಯೋಲ್ಲ.

ನಿಮ್ಮ ಮನೆತನ?

ದೊಡ್ಡದು. 1979ರಲ್ಲೇ ನಮ್ಮವರೊಬ್ಬರು, ಬಾಷ್ ಕಂಪನಿಯ ಮೋಟ್ರಾನಿಕ್ ಅಂತ, ಬಿಎಂಡಬ್ಲ್ಯು ಕಾರಿನಲ್ಲಿ ಕಿಡಿ ಮತ್ತು ಪೆಟ್ರೋಲು ಎರಡೂ ಖಾತೆ ಒಟ್ಟಿಗೇ ನೋಡಿಕೊಂಡರು. ನಿಮ್ಮಲ್ಲಿ ಆಗ ಕಾರ್ಬ್ಯುರೇಟರು. ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದು, ಕಿವಿಗೊಟ್ಟು ಸರಿ ಮಾಡ್ತಿದ್ದ. ಹೊಗೆಯ ನಿಯಮ ಬಿಗಿಯಾಗುತ್ತಾ ಬಂತು, ನಮ್ಮ ಕಾಲ ಬಂತು. 2020ರ ಏಪ್ರಿಲ್‌ನಿಂದ ಬಿಎಸ್-6. ಈಗ ಸ್ಕೂಟರಿನಲ್ಲೂ ನಮ್ಮವರು ಕೂತಿದ್ದಾರೆ. ಇಲ್ಲೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆಯಲ್ಲ, ಹೆಲಿಕಾಪ್ಟರ್ ಇಂಜಿನ್ ನೋಡಿಕೊಳ್ಳೋರೂ ನಮ್ಮ ಬಳಗವೇ. ಅವರಿಗೆ ಎರಡು ಮಿದುಳು. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತೆ. ನನಗೆ ಅಷ್ಟು ಬಜೆಟ್ ಇಟ್ಟಿಲ್ಲ.

ಕುಣಿಗಲ್ ಅಂದರೆ ಕುದುರೆ ಫಾರಂ. ನಿಮ್ಮ ಹತ್ತಿರ ಎಷ್ಟು ಕುದುರೆ?

ಎಂಬತ್ತು. ಮೇವಿನ ಖರ್ಚಿಲ್ಲ.

ನಿಮಗೆ ಯಾವತ್ತೂ ಅನುಮಾನವೇ ಬರುವುದಿಲ್ಲವೇ?

ಬರುತ್ತೆ ಸ್ವಾಮಿ. ಮೊನ್ನೆ ಹುಡುಗ ನೀರಿನ ಬಿಸಿ ಹೇಳೋ ಸೆನ್ಸರಿನ ವೈರು ಕಿತ್ತ. ನನ್ನ ಲೆಕ್ಕಕ್ಕೆ ಮೈನಸ್ 40 ಡಿಗ್ರಿ ಬಂತು.

ಮಾರ್ಕೋನಹಳ್ಳಿಯಲ್ಲಿ?

ಮಾರ್ಕೋನಹಳ್ಳಿಯಲ್ಲಿ, ಮಟಮಟ ಮಧ್ಯಾಹ್ನ. ಏನೋ ಎಡವಟ್ಟಾಗಿದೆ ಅಂತ ಪಿ 0118 ಕೋಡ್ ಬರೆದೆ, ಒಂದು ಅಂದಾಜು ಅಂಕಿ ಹಿಡಿದೆ, ಮುಂಜಾಗ್ರತೆಗೆ ಫ್ಯಾನ್ ಹಾಕಿಸಿದೆ.

ಮೈನಸ್ 40ಕ್ಕೆ ಫ್ಯಾನೇ?

ನಿಯಮದಲ್ಲಿ ಹಾಗಿದೆ. ಬ್ರೇಕಿನ ಎಬಿಎಸ್ ಖಾತೆಯವರು ಸಂಪರ್ಕಕ್ಕೆ ಸಿಗುತ್ತಿಲ್ಲ ಅಂತ ಯು 0121 ಕೂಡ ಬರೆದಿಟ್ಟಿದ್ದೀನಿ. ಅವರು ಇನ್ನೂ ಗುಜರಿಯಲ್ಲೇ ಇದ್ದಾರಂತೆ, ಆದರೆ ನನಗೆ ಅಧಿಕೃತವಾಗಿ ತಿಳಿಸಿಲ್ಲ.

ನಿಮ್ಮ ಪಕ್ಕದ ಮನೆಯವರ ಬಗ್ಗೆ ಕೇಳಬೇಕು. ಸೈಫನ್.

(ಎಲ್‌ಇಡಿಗಳು ಒಂದು ಕ್ಷಣ ತಡವರಿಸಿದಂತೆ ಕಂಡಿತು. ಲೂಸ್ ಕಾಂಟ್ಯಾಕ್ಟ್ ಇದ್ದರೂ ಇರಬಹುದು.)

ಗೊತ್ತು, ಅದಕ್ಕೇ ಬಂದಿದ್ದೀರಿ. ಬಂದೋರೆಲ್ಲ ಅವನನ್ನೇ ಹೊಗಳೋದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕಟ್ಟಿದ ಡ್ಯಾಮು. ಇವತ್ತಿನವರೆಗೂ ಒಬ್ಬನೂ ಅವನಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಲ್ಲ. ನೀರು ತುಂಬಿ ಒಳಗಿನ ಅಂಚನ್ನ ದಾಟುತ್ತೆ, ದಾಟಿದ ನೀರು ಕೊಳವೆಯೊಳಗಿನ ಗಾಳೀನ ಎಳಕೊಂಡು ಹೋಗುತ್ತೆ, ಗಾಳಿ ಖಾಲಿಯಾದ ಮೇಲೆ ಕೊಳವೆ ತುಂಬಾ ನೀರು ನುಗ್ಗುತ್ತೆ. ಮಟ್ಟ ಇಳಿದು ಮತ್ತೆ ಗಾಳಿ ಒಳಗೆ ಬಂದರೆ ನಿಂತಿತು. ಸೆನ್ಸರಿಲ್ಲ, ಕರೆಂಟಿಲ್ಲ, ಗೇಟ್ ಎತ್ತಲು ಆಳಿಲ್ಲ.

ನಿಮಗೂ ಅವರಿಗೂ ವ್ಯತ್ಯಾಸ ಅಷ್ಟೇನಾ?

ಇನ್ನೊಂದಿದೆ. ಹುಡುಗ ನನಗೆ ಸುಳ್ಳು ಹೇಳಬಲ್ಲ. ಗುಂಡಿ ತಿರುಗಿಸಿದರೆ ನಾನು ಆಕ್ಸಿಲರೇಟರ್ ಒತ್ತಿದರು ಅಂದುಕೊಳ್ತೀನಿ. ಡ್ಯಾಮು ತುಂಬಿದೆ ಅಂತ ಸೈಫನ್ನಿನ ಮುಂದೆ ಹೋಗಿ ಯಾರು ಕೂಗಿಕೊಂಡರೂ ಅವನು ಹನಿ ಬಿಡೋಲ್ಲ. ನೀರೇ ಬಂದು ಹೇಳಬೇಕು.

ಅಸೂಯೆಯೇ?

ಇರಲಿ ಬಿಡಿ. ಆದರೆ ಹೊಗಳುವಾಗ ಇದನ್ನೂ ಬರೆಯಿರಿ: ಅವನು ಬಾಯಿ ಬಿಡೋ ಮುಂಚೆ ಯಾರಿಗೂ ಹೇಳೋಲ್ಲ. ಕೆಳಗೆ ಮಕ್ಕಳು ಮರಿ ನೀರಾಟಕ್ಕೆ ಇಳಿದಿದ್ದಾರೋ ಇಲ್ಲವೋ ಅವನಿಗೆ ತಿಳಿಯದು. ಎಚ್ಚರಿಸೋ ಕೆಲಸ ಮನುಷ್ಯರದ್ದು, ಅದನ್ನ ಅವನ ತಲೆಗೆ ಕಟ್ಟಿ ಮನೆಗೆ ಹೋಗಬಾರದು.

(ಈ ಒಂದು ಮಾತನ್ನು ಸಾಹೇಬರು ಯಾವ ಸೆನ್ಸರಿನ ಆಧಾರದ ಮೇಲೆ ಹೇಳಿದರೋ ತಿಳಿಯಲಿಲ್ಲ. ಆದರೆ ಮಾತು ನಿಜ. ಕೋಡಿ ನೋಡಲು ಹೋಗುವವರು ಸೈಫನ್ನಿನ ನೀರು ಬರುವ ಹಾದಿಗೆ ಇಳಿಯಬಾರದು.)

ಕೊನೆಗೆ, ಈ ಹಲಗೆಯಿಂದ ಊರಿಗೆ ಏನು ಉಪಯೋಗ?

ಹೋದ ವಾರ ಒಂದು ಟ್ಯಾಕ್ಸಿ ಬಂದಿತ್ತು. ಸ್ಟಾರ್ಟೇ ಆಗ್ತಿರಲಿಲ್ಲ. ಯಾವುದೋ ಗ್ಯಾರೇಜಿನಲ್ಲಿ "ಇಸಿಯು ಹೋಗಿದೆ, ಹೊಸದು ಹಾಕಿಸಿ" ಅಂದಿದ್ದರಂತೆ. ಹೊಸದರ ಬೆಲೆ ಕೇಳಿ ಡ್ರೈವರಿಗೆ ಬೆವರು. ಹುಡುಗ ಆ ಡಬ್ಬಿ ಬಿಚ್ಚಿದ, ನನ್ನನ್ನ ಪಕ್ಕಕ್ಕಿಟ್ಟ, ಟ್ಯಾಕ್ಸಿಯದೇ ಮೀಟರ್ ಬೋರ್ಡು ಕೀಲಿ ಸಮೇತ ಅದನ್ನ ಇಲ್ಲಿ ಕೂರಿಸಿದ. ಹಲ್ಲು ಕಳಿಸಿದ ತಕ್ಷಣ ನಾಲ್ಕು ಎಲ್‌ಇಡಿ ಹತ್ತಿತು. ಡಬ್ಬಿ ಗುಂಡುಕಲ್ಲಿನ ಹಾಗಿತ್ತು.

ಮತ್ತೆ ರೋಗ ಎಲ್ಲಿತ್ತು?

ಕ್ರ್ಯಾಂಕ್ ಸೆನ್ಸರಿನ ವೈರನ್ನ ಇಲಿ ಕಡಿದಿತ್ತು. ಬೆಸುಗೆ ಹಾಕಿ, ಟೇಪು ಸುತ್ತಿ ಕಳಿಸಿದ.

ಆ ಇಸಿಯು ಮೊದಲೇ ಹೇಳಬಹುದಿತ್ತಲ್ಲ?

ಹೇಳಿತ್ತು ಸ್ವಾಮಿ! ಪಿ 0335, ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟು, ಅಂತ ಬರೆದಿಟ್ಟಿತ್ತು. ಅಷ್ಟೇ ಬರೆಯೋಕೆ ಸಾಧ್ಯ. ಇಲಿಗೆ ಇನ್ನೂ ಯಾರೂ ನಂಬರ್ ಕೊಟ್ಟಿಲ್ಲ.