ಲಕ್ಷಾಧಿಪತಿ ಮಾವ

ವಿದೇಶಕ್ಕೆ ಹೊರಟ ಪ್ರತಿ ಟೂರ್ ಗುಂಪಿನಲ್ಲೂ ಒಬ್ಬರು ಲೆಕ್ಕದ ಮಾವ ಇರುತ್ತಾರೆ. ಇವರ ದುಡ್ಡು ಒಂದೇ ಕಡೆ ಇರುವುದಿಲ್ಲ. ಅತ್ತೆ ಬನಿಯನ್ನಿಗೆ ಹೊಲಿದುಕೊಟ್ಟ ಒಳಜೇಬಿನಲ್ಲಿ ಡಾಲರು, ಮೇಲೊಂದು ಸೇಫ್ಟಿ ಪಿನ್ನು. ಕಾರ್ಡು ಚಟ್ನಿಪುಡಿ ಡಬ್ಬಿಯ ಕೆಳಗೆ. ಕಳ್ಳ ಬಂದರೂ ಹುಡುಕಿ ಹುಡುಕಿ ಸುಸ್ತಾಗಬೇಕು. ಕಾಫಿ ಬಿಲ್ಲು ಕೊಡಲು ಮಾವ ಶರ್ಟಿನ ಗುಂಡಿ ಬಿಚ್ಚತೊಡಗಿದರೆ ಮಾಣಿ ಗಾಬರಿಯಾಗುತ್ತಾನೆ, ಅಷ್ಟೇ.

ಈ ಸಲ ವಿಯೆಟ್ನಾಂ. ಹೋ ಚಿ ಮಿನ್ ಸಿಟಿಯ ಬೆನ್ ಥಾನ್ ಮಾರುಕಟ್ಟೆಯ ಹತ್ತಿರ ಚಿನ್ನದಂಗಡಿಗಳಲ್ಲೇ ಡಾಲರ್ ಬದಲಾಯಿಸುತ್ತಾರೆ. ಮಾವ ಕೊಟ್ಟ ನೋಟನ್ನು ಹುಡುಗಿ ಹಿಂದೆ ಮುಂದೆ ನೋಡಿ ವಾಪಸು ತಳ್ಳಿದಳು. ನಾಲ್ಕು ಮಡಿಕೆ ಬಿದ್ದಿತ್ತು. ಮೂಲೆಯಲ್ಲಿ ಮಾವ ಗುರುತಿಗೆಂದು ಬಾಲ್‌ಪೆನ್ನಿನಲ್ಲಿ '3' ಬರೆದಿದ್ದರು. ಅಲ್ಲಿ ಡಾಲರು ಗರಿಗರಿಯಾಗಿರಬೇಕು. "ನಮ್ಮೂರಲ್ಲಿ ನೋಟಿನ ಮೇಲೆ ಫೋನ್ ನಂಬರೇ ಬರೀತಾರಮ್ಮ!" ಎಂದು ಕನ್ನಡದಲ್ಲೇ ವಾದಿಸಿ, ಸೋತು, ಇನ್ನೊಂದು ನೋಟು ಕೊಟ್ಟರು. 100 ಡಾಲರಿಗೆ 25 ಲಕ್ಷ ಡಾಂಗಿಗೂ ಮಿಕ್ಕಿ ಬಂತು. ಮಾವನ ನಡಿಗೆಯೇ ಬದಲಾಯಿತು.

ರೂಪಾಯಿಗೆ ಸುಮಾರು 300 ಡಾಂಗು. ಎರಡು ಸೊನ್ನೆ ಹಾರಿಸಿ ಮೂರರಿಂದ ಭಾಗಿಸುವುದು ಮಾವನ ಸೂತ್ರ. ಎಳನೀರಿಗೆ ಸ್ಟ್ರಾ ಹಾಕುವ ಮುಂಚೆ ಭಾಗಾಕಾರ, ಕುಡಿದ ಮೇಲೆ ಮದ್ದೂರಿನ ರೇಟಿಗೆ ಹೋಲಿಕೆ. ಇಷ್ಟು ಲೆಕ್ಕ ಬಲ್ಲವರು ಹೋಟೆಲಿನ ಕಾರ್ಡ್ ಮಷೀನು "ರೂಪಾಯಿಯೋ ಡಾಂಗೋ" ಎಂದು ಕೇಳಿದಾಗ ದೇಶಾಭಿಮಾನದಿಂದ ರೂಪಾಯಿ ಒತ್ತಿದರು. ಹಾಗೆ ಒತ್ತಿದರೆ ಪರಿವರ್ತನೆಯ ದರ ಮಷೀನಿನವರದ್ದು, ಸಾಮಾನ್ಯವಾಗಿ ದುಬಾರಿ. ಡಾಂಗೇ ಒತ್ತಬೇಕಿತ್ತು. ಎಳನೀರಿನಲ್ಲಿ ಉಳಿಸಿದ್ದೆಲ್ಲ ಆ ಒಂದು ಗುಂಡಿಯಲ್ಲಿ ಹೋಯಿತು. ಅವರಿಗೆ ಯಾರೂ ಹೇಳಲಿಲ್ಲ, ಪಾಪ.

ಮಾರುಕಟ್ಟೆಯಲ್ಲಿ 40,000 ಹೇಳಿದ ಫ್ರಿಜ್ ಮ್ಯಾಗ್ನೆಟ್ಟನ್ನು ಮಾವ ಕಾಲು ಗಂಟೆ ಚೌಕಾಸಿ ಮಾಡಿ 20,000ಕ್ಕೆ ಇಳಿಸಿದರು. ಎಂಜಲು ಹಚ್ಚಿ ಎಣಿಸಲು ದೊಡ್ಡ ಡಾಂಗ್ ನೋಟುಗಳು ಕಾಗದದವಲ್ಲ, ಪ್ಲಾಸ್ಟಿಕ್ಕು. ಎಲ್ಲದರ ಮೇಲೂ ಹೋ ಚಿ ಮಿನ್ನರದೇ ಮುಖ. 20,000ದ ನೋಟೂ ನೀಲಿ, 5,00,000ದ್ದೂ ನೀಲಿ. ಒಂದನ್ನು ಎಳೆದುಕೊಟ್ಟು ಗೆದ್ದ ಖುಷಿಯಲ್ಲಿ ಹೊರಟರು.

ಅಂಗಡಿಯವಳು ಕೂಗುತ್ತಾ ಹಿಂದೆಯೇ ಓಡಿ ಬಂದಳು. "ಕಮ್ಮಿಗೆ ಕೊಟ್ಟೆ ಅಂತ ಈಗ ಹೊಟ್ಟೆ ಉರೀತಿದೆ ಇವಳಿಗೆ. ತಿರುಗಿ ನೋಡಬೇಡ, ನಡಿ" ಎಂದು ಮಾವ ಅತ್ತೆಯ ಕೈ ಹಿಡಿದು ದಾಪುಗಾಲು ಹಾಕಿದರು. ಮಂಡಿನೋವಿನ ಅತ್ತೆ ನಿಂತುಬಿಟ್ಟರು. ಅವಳು ಏದುಸಿರು ಬಿಡುತ್ತಾ 5,00,000ದ ನೋಟನ್ನು ಅತ್ತೆಯ ಕೈಯಲ್ಲಿಟ್ಟು, ಎರಡು ಬೆರಳು ತೋರಿಸಿ, ಇಪ್ಪತ್ತು ಸಾವಿರ ಮಾತ್ರ ಎಂದು ಸನ್ನೆ ಮಾಡಿದಳು.

ಮಾವ ಆ ನೋಟನ್ನು ಬಿಸಿಲಿಗೆ ಹಿಡಿದು, ಅಸಲಿಯೇ ಎಂದು ತಿರುಗಿಸಿ ನೋಡಿ, 20,000 ಎಣಿಸಿಕೊಟ್ಟರು. ಬಸ್ಸಿಗೆ ಬಂದವರೇ ನಮಗೆಲ್ಲ ಹೇಳಿದರು: "ಬೇಕಂತಲೇ ದೊಡ್ಡ ನೋಟು ಕೊಟ್ಟೆ. ಈ ಊರಿನವರು ಹೇಗೆ ಅಂತ ಗೊತ್ತಾಗಬೇಕಲ್ಲ?"

ಅತ್ತೆ ಪರ್ಸನ್ನು ತಮ್ಮ ಕೈಗೆ ತೆಗೆದುಕೊಂಡರು.