ಅಲ್ಯುಮಿನಿಯಂ ದೋಣಿ ಮೀಮಾಂಸೆ

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದಂಚಿನಲ್ಲಿರುವ ಮಿನ್ನೆಸೋಟ ರಾಜ್ಯದಲ್ಲಿ ಹತ್ತು ಎಕರೆಗೆ ಕಡಿಮೆಯಿಲ್ಲದ ಸರೋವರಗಳು 11,842 ಇವೆಯೆಂದು ಅಲ್ಲಿನ ಸರ್ಕಾರದ ಲೆಕ್ಕ ಹೇಳುತ್ತದಾದರೂ, ಅದೇ ಸರ್ಕಾರ ಕೊಡುವ ವಾಹನಗಳ ನಂಬರ್ ಪ್ಲೇಟಿನ ಮೇಲೆ '10,000 ಸರೋವರಗಳು' ಎಂದಷ್ಟೇ ಅಚ್ಚಾಗಿರುತ್ತದೆ. ಹೀಗೆ 1,842 ಸರೋವರಗಳನ್ನು ವಿನಯದಿಂದ ಬಿಟ್ಟುಕೊಟ್ಟ ನಾಡಿನಲ್ಲಿ ಜನ ಬಿಟ್ಟುಕೊಡದೆ ಹಿಡಿದುಕೊಂಡಿರುವ ವಿವಾದವೊಂದಿದೆ. ಮದುವೆ, ಮನೆ, ಕಾರು ಎಂಬ ಮೂರು ಪುರುಷಾರ್ಥಗಳು ಕೈಗೂಡಿದ ಗೃಹಸ್ಥನನ್ನು ನಾಲ್ಕನೆಯದಾಗಿ, ಅಂದರೆ ನಮ್ಮ ಶಾಸ್ತ್ರಕಾರರು ಮೋಕ್ಷವನ್ನು ಇಟ್ಟಿರುವ ಜಾಗದಲ್ಲಿ, ಕಾಡುವ ಪ್ರಶ್ನೆ ಇದು: ಕುಟುಂಬಕ್ಕೆ ಲುಂಡ್ ದೋಣಿಯೋ, ಕ್ರೆಸ್ಟ್‌ಲೈನರ್ ದೋಣಿಯೋ? ಪ್ರಸ್ತುತ ಪ್ರಬಂಧವು ಈ ಪ್ರಶ್ನೆಯನ್ನು ಪೂರ್ವಪಕ್ಷ, ಖಂಡನೆ, ಸಿದ್ಧಾಂತಗಳ ಕ್ರಮದಲ್ಲಿ ಪರಿಶೀಲಿಸುತ್ತದೆ. ಪೂರ್ವಪಕ್ಷವೆಂದರೆ ಖಂಡಿಸುವ ಸಲುವಾಗಿಯೇ ಮೊದಲು ಆದರದಿಂದ ಎತ್ತಿಕೊಳ್ಳುವ ಎದುರಾಳಿಯ ವಾದ.

ವಿಷಯಪ್ರವೇಶಕ್ಕೆ ಮುನ್ನ ಲಕ್ಷಣ ಹೇಳಬೇಕು. ಇಲ್ಲಿ 'ಮೀನುಗಾರಿಕೆ ದೋಣಿ' ಎಂದರೆ ಹದಿನಾರರಿಂದ ಇಪ್ಪತ್ತು ಅಡಿ ಉದ್ದದ, ಹಿಂಬದಿಯ ಹಲಗೆಗೆ ಔಟ್‌ಬೋರ್ಡ್ ಎಂಜಿನ್ ತೂಗುಹಾಕಿದ, ಟ್ರೈಲರ್ ಮೇಲೇರಿ ಕಾರಿನ ಹಿಂದೆ ಊರೂರು ತಿರುಗುವ ತಗಡಿನ ದೋಣಿ. 'ಅಲ್ಯುಮಿನಿಯಂ' ಎಂಬುದೂ ಶುದ್ಧ ಅಲ್ಯುಮಿನಿಯಂ ಅಲ್ಲ, ಮೆಗ್ನೀಸಿಯಂ ಬೆರೆಸಿ ಗಟ್ಟಿಮಾಡಿದ ಮಿಶ್ರಲೋಹ. ಅದು ಉಕ್ಕಿನ ಮೂರರಲ್ಲೊಂದು ಪಾಲು ತೂಗುವುದರಿಂದಲೂ, ಗಾಳಿ ಸೋಕಿದೊಡನೆ ತನಗೆ ತಾನೇ ಆಕ್ಸೈಡಿನ ತೆಳುಪೊರೆ ಹೊದ್ದು ತುಕ್ಕಿನಿಂದ ಪಾರಾಗುವುದರಿಂದಲೂ ದೋಣಿಗೆ ಒದಗಿಬಂದಿದೆ. 'ಮೀನು' ಎಂಬಲ್ಲಿ ಮುಖ್ಯವಾಗಿ ವಾಲೈ ಎಂಬ ಗಾಜುಗಣ್ಣಿನ ಮೀನನ್ನು ತಿಳಿಯತಕ್ಕದ್ದು. 1965ರಿಂದ ಅದು ಆ ರಾಜ್ಯದ ಅಧಿಕೃತ ಮೀನು. ಇನ್ನು 'ಮೀನುಗಾರಿಕೆ' ಎಂಬ ಪದದಿಂದ ಹೊಟ್ಟೆಪಾಡನ್ನು ಊಹಿಸಕೂಡದು. ದೋಣಿಯ ಬೆಲೆಯನ್ನು ವರ್ಷವಿಡೀ ಹಿಡಿದ ಮೀನಿನ ತೂಕದಿಂದ ಭಾಗಿಸಿ ನೋಡುವ ಗಣಿತವು ಈ ಸಂಪ್ರದಾಯದ ಶಿಷ್ಟರಲ್ಲಿ ಸರ್ವಥಾ ನಿಷಿದ್ಧ.

ಎರಡು ಪಕ್ಷಗಳೂ ಮಿನ್ನೆಸೋಟದಲ್ಲೇ, ಎರಡನೆಯ ಮಹಾಯುದ್ಧದ ಬೆನ್ನಿಗೆ ಹುಟ್ಟಿದವು. ಯುದ್ಧ ಮುಗಿದಾಗ ವಿಮಾನಕ್ಕೆಂದು ತಯಾರಾಗುತ್ತಿದ್ದ ಅಲ್ಯುಮಿನಿಯಂ ತಗಡಿಗೂ ಅದನ್ನು ಬಗ್ಗಿಸಿ ಜೋಡಿಸಬಲ್ಲ ಕೈಗಳಿಗೂ ಬೇರೆ ಕೆಲಸ ಬೇಕಾಗಿತ್ತು; ಯುದ್ಧವಿಮಾನಗಳನ್ನು ಕಟ್ಟುತ್ತಿದ್ದ ಗ್ರುಮನ್ ಕಂಪನಿಯೇ ಆಗ ಹುಟ್ಟುಗೋಲಿನ ಪುಟ್ಟ ದೋಣಿಗಳನ್ನು ಮಾಡತೊಡಗಿತು. ಮಿಸಿಸಿಪ್ಪಿ ನದಿಯ ದಡದ ಲಿಟಲ್ ಫಾಲ್ಸ್ ಊರಿನಲ್ಲಿ 1946ರಲ್ಲಿ ಕ್ರೆಸ್ಟ್‌ಲೈನರ್ ಆರಂಭವಾಯಿತು. ಎರಡು ವರ್ಷಗಳ ತರುವಾಯ, 1948ರಲ್ಲಿ, ಫಿನ್ಲೆಂಡಿನಿಂದ ಬಂದವರು ನೆಲೆಸಿದ್ದ ನ್ಯೂಯಾರ್ಕ್ ಮಿಲ್ಸ್ ಎಂಬ ಸಣ್ಣ ಊರಿನಲ್ಲಿ ಹೊವರ್ಡ್ ಲುಂಡ್ ತನ್ನ ಹೆಸರಿನ ದೋಣಿಗೆ ಕೈಹಾಕಿದ. ಮೇ ತಿಂಗಳಲ್ಲಿ ವಾಲೈ ಹಿಡಿಯುವ ಹಂಗಾಮು ತೆರೆದಾಗ ರಾಜ್ಯದ ಗವರ್ನರ್ ಖುದ್ದಾಗಿ ಗಾಳ ಹಾಕುವ ಉತ್ಸವವೂ ಅದೇ 1948ರಲ್ಲಿ ಆರಂಭವಾದದ್ದು. ಇದರಲ್ಲಿ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೆ ಇಂಥ ಕಾಕತಾಳೀಯಗಳನ್ನು ಉಲ್ಲೇಖಿಸದ ಸಂಶೋಧನಾಗ್ರಂಥವನ್ನು ಯಾರೂ ಗಂಭೀರವಾಗಿ ಪರಿಗಣಿಸುವುದಿಲ್ಲ.

ವಿವಾದದ ಬೇರು ಇರುವುದು ತಗಡಿಗೆ ತಗಡನ್ನು ಕೂಡಿಸುವ ವಿಧಾನದಲ್ಲಿ. ಲುಂಡ್ ತನ್ನ ಪ್ರಸಿದ್ಧ ಮಾದರಿಗಳನ್ನು ರಿವೆಟ್ ಹೊಡೆದು ಕಟ್ಟುತ್ತದೆ. ಎರಡು ತಗಡುಗಳ ಅಂಚನ್ನು ಒಂದರ ಮೇಲೊಂದು ಬರುವಂತೆ ಇಟ್ಟು, ಎರಡಕ್ಕೂ ಸೇರಿ ತೂತು ಕೊರೆದು, ತಲೆಯುಳ್ಳ ಗಿಡ್ಡ ಅಲ್ಯುಮಿನಿಯಂ ಗೂಟವನ್ನು ಅದರಲ್ಲಿ ತೂರಿಸಿದ ಮೇಲೆ, ಹೊರಗಡೆಯಿಂದ ಒಬ್ಬರು ಗಾಳಿಸುತ್ತಿಗೆಯಲ್ಲಿ ತಲೆಯ ಮೇಲೆ ಬಡಿಯುತ್ತಿರುವಾಗ ಒಳಗಡೆಯಿಂದ ಇನ್ನೊಬ್ಬರು ಉಕ್ಕಿನ ಗಟ್ಟಿಯೊಂದನ್ನು ಬಾಲಕ್ಕೆ ಒತ್ತಿ ಹಿಡಿದಿರುತ್ತಾರೆ. ಬಾಲ ಚಪ್ಪಟೆಯಾಗಿ ಎರಡನೆಯ ತಲೆಯಾಗುತ್ತದೆ. ನಡುವೆ ತಗಡು ಇರುವುದರಿಂದ ಇಬ್ಬರಿಗೂ ಪರಸ್ಪರರ ಮುಖ ಕಾಣುವುದಿಲ್ಲ, ಗದ್ದಲದಲ್ಲಿ ಮಾತೂ ಕೇಳಿಸುವುದಿಲ್ಲ, ಆದರೂ ಕೆಲಸ ಕೆಡುವುದಿಲ್ಲ. ಕುಟುಂಬಕ್ಕೆ ಯೋಗ್ಯವಾದ ದೋಣಿ ಇದೇ ಎಂಬುದಕ್ಕೆ ರಿವೆಟ್ ಪಕ್ಷದವರು ಇಷ್ಟನ್ನೇ ಸಾಕ್ಷಿಯಾಗಿ ಕೊಟ್ಟಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಕ್ರೆಸ್ಟ್‌ಲೈನರ್ ಇದಕ್ಕೆ ಪ್ರತಿಯಾಗಿ ಬೆಸುಗೆಯನ್ನು ನಂಬಿದ್ದು, ಅಲ್ಲಿ ವಿದ್ಯುತ್ ಕಿಡಿಯ ಶಾಖಕ್ಕೆ ಎರಡು ಅಂಚುಗಳೂ ಕರಗಿ, ಹೊರಗಿನ ಗಾಳಿ ಸೋಕದಂತೆ ಕಾಯುವ ಅನಿಲದ ಮುಸುಕಿನಡಿ ಬೆರೆತು, ಆರಿದಾಗ ಒಂದೇ ತಗಡಾಗಿ ಉಳಿಯುತ್ತವೆ.

ಕನ್ನಡ ನಾಡಿನ ದರ್ಶನಪರಂಪರೆಯನ್ನು ಬಲ್ಲವರಿಗೆ ಇಲ್ಲಿ ವಿವರಣೆ ಬೇಕಿಲ್ಲ. ರಿವೆಟ್ ಪಕ್ಷದ ಪ್ರಕಾರ ಎರಡು ತಗಡುಗಳು ಎಷ್ಟೇ ಬಿಗಿಯಾಗಿ ಕೂಡಿದರೂ ಕೊನೆಯವರೆಗೆ ಎರಡೇ, ಅವುಗಳ ನಡುವಿನ ಭೇದ ಸತ್ಯ ಮತ್ತು ನಿತ್ಯ. ಬೆಸುಗೆ ಪಕ್ಷದ ಪ್ರಕಾರ ಭೇದವೆಂಬುದು ಶಾಖ ತಗಲುವವರೆಗಿನ ತೋರಿಕೆ ಮಾತ್ರ. ಲುಂಡ್ ಕಂಪನಿಯೇ ತನ್ನ ಕೆಲವು ಚಪ್ಪಟೆ ತಳದ ಸಾದಾ ಮಾದರಿಗಳನ್ನು ಬೆಸೆದು ಮಾಡುವುದುಂಟು ಎಂಬ ಸಂಗತಿಯನ್ನು ಎತ್ತಿದರೆ ಕಟ್ಟಾ ರಿವೆಟ್‌ವಾದಿಗಳು ಮಾತು ಬದಲಿಸುತ್ತಾರೆ. ಅದನ್ನು ಮೂರನೆಯ ಮತವೊಂದರ ಹುಟ್ಟೆಂದು ಭಾವಿಸುವುದೇ ವಿದ್ವಾಂಸರಿಗೆ ಕ್ಷೇಮ.

ಪ್ರಮಾಣಗಳ ವಿಚಾರ ಹೀಗಿದೆ. ಪ್ರತ್ಯಕ್ಷ, ಅಂದರೆ ಕಣ್ಣಾರೆ ಕಂಡದ್ದು, ಇಲ್ಲಿ ಹೆಚ್ಚು ನೆರವಾಗದು. ಬಣ್ಣ ಬಳಿದು ದೀಪದ ಕೆಳಗೆ ನಿಲ್ಲಿಸಿದ ಹೊಸ ದೋಣಿಗಳೆಲ್ಲ ಶೋರೂಮಿನಲ್ಲಿ ಸಮಾನವಾಗಿ ಮೋಹಕ. ಶಬ್ದಪ್ರಮಾಣ, ಅಂದರೆ ನಂಬಲರ್ಹರ ಮಾತು, ಎರಡು ಬಗೆ: ಕಂಪನಿಯ ಬಣ್ಣದ ಕೈಪಿಡಿ ಮತ್ತು ಭಾವಮೈದುನ. ಇವೆರಡರಲ್ಲಿ ವಿರೋಧ ಬಂದಾಗ ಭಾವಮೈದುನನ ಮಾತೇ ಬಲವತ್ತರವೆಂದು ಎಲ್ಲ ಪಕ್ಷಗಳೂ ಒಪ್ಪುತ್ತವೆ, ಏಕೆಂದರೆ ಕೈಪಿಡಿಯು ಹಬ್ಬಕ್ಕೆ ಮನೆಗೆ ಬಂದು ಮುಖ ಗಂಟಿಕ್ಕಿಕೊಂಡು ಕೂರುವುದಿಲ್ಲ.

ಅನುಮಾನ ಪ್ರಮಾಣದಲ್ಲಿ, ಅಂದರೆ ತರ್ಕದಿಂದ ಊಹಿಸಿದ್ದರಲ್ಲಿ, ಮಾತ್ರ ನಿಜವಾದ ಸತ್ತ್ವವಿದೆ. ರಿವೆಟ್ ಪಕ್ಷದವರ ವಾದವೆಂದರೆ, ರಿವೆಟ್ ಹಾಕಿದ ಒಡಲು ಅಲೆಯ ಏಟಿಗೆ ಒಂದಿಷ್ಟು ಬಾಗಿ ಏಟನ್ನು ಹಂಚಿಕೊಳ್ಳುತ್ತದೆ, ಅಲ್ಲದೆ ಬೆಸುಗೆಯ ಶಾಖವು ಗಟ್ಟಿಮಾಡಿದ ತಗಡನ್ನು ಕೂಡುಗೆರೆಯ ಅಕ್ಕಪಕ್ಕದಲ್ಲಿ ಮೆದುವಾಗಿಸುತ್ತದೆ. ಈ ಎರಡನೆಯ ಮಾತು ಲೋಹಶಾಸ್ತ್ರಕ್ಕೆ ಸಮ್ಮತವೇ. ಬೆಸುಗೆ ಪಕ್ಷದವರ ಉತ್ತರವೂ ಅಷ್ಟೇ ಸಮ್ಮತ: ಹತ್ತಾರು ವರ್ಷ ಬಾಗಿ ಬಾಗಿ ರಿವೆಟ್‌ಗಳು ಸಡಿಲಾಗುತ್ತವೆ, ಸಡಿಲಾದ ಕಡೆ ನೀರು ಜಿನುಗುತ್ತದೆ, ಇಲ್ಲದ ತೂತಿನಿಂದ ನೀರು ಬರುವುದು ಸಾಧ್ಯವಿಲ್ಲ. ಮರುತ್ತರವೇನೆಂದರೆ, ಸಡಿಲವಾದ ರಿವೆಟ್ಟನ್ನು ಮತ್ತೆ ಬಡಿದು ಬಿಗಿಮಾಡಬಹುದು, ಬೆಸುಗೆಯಲ್ಲಿ ಬಿಟ್ಟ ಬಿರುಕಾದರೋ ದಾರಿ ಕಂಡರೆ ಮುಂದುವರಿಯುತ್ತದೆ, ಅಲ್ಯುಮಿನಿಯಂ ಬೆಸೆಯಬಲ್ಲ ಕೈ ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಇಬ್ಬರಿಗೂ ಗೌರವವಿರುತ್ತಿತ್ತು.

ನಿಲ್ಲಿಸದೆ ಉಪಮಾನಕ್ಕೆ, ಅಂದರೆ ಹೋಲಿಕೆಗೆ, ಕೈಹಾಕಿದ್ದರಿಂದ ಇಬ್ಬರೂ ಕೆಟ್ಟರು. ವಿಮಾನದ ರೆಕ್ಕೆಗೆ ರಿವೆಟ್ ಹೊಡೆದಿರುವಾಗ ದೋಣಿಗೇಕೆ ಬೇಡವೆಂದು ಒಂದು ಪಕ್ಷ ಕೇಳಿದರೆ, ಇನ್ನೊಂದು ಪಕ್ಷ ರಿವೆಟ್ ಹೊಡೆದ ಟೈಟಾನಿಕ್ ಹಡಗು 1912ರಲ್ಲಿ ಎಲ್ಲಿಗೆ ಹೋಯಿತೆಂದು ವಿಚಾರಿಸುತ್ತದೆ. ಅದಕ್ಕೆ ಉತ್ತರವಾಗಿ, ಬೆಸುಗೆ ಹಾಕಿದ ಸ್ಕೆನೆಕ್ಟಡಿ ಎಂಬ ತೈಲದ ಹಡಗು 1943ರ ಜನವರಿಯಲ್ಲಿ ಒರೆಗಾನ್‌ನ ಪೋರ್ಟ್‌ಲೆಂಡಿನಲ್ಲಿ, ಅಲೆಯೂ ಇಲ್ಲದ ನಿಶ್ಚಲ ನೀರಿನಲ್ಲಿ, ಕಟ್ಟಿಹಾಕಿದ್ದಲ್ಲೇ ನಡುಮುರಿದು ಎರಡಾದದ್ದನ್ನು ಮೊದಲ ಪಕ್ಷ ನೆನಪಿಸುತ್ತದೆ. ಆದರೆ ಆ ಹಡಗುಗಳೆರಡೂ ಉಕ್ಕಿನವು. ಚಳಿಗೆ ಪೆಡಸಾಗಿ ಒಡೆಯುವ ದುರ್ಗುಣ ಅಂದಿನ ಉಕ್ಕಿಗಿತ್ತೇ ಹೊರತು ಅಲ್ಯುಮಿನಿಯಂಗಿಲ್ಲ. ಮಿಗಿಲಾಗಿ, ಎರಡರಲ್ಲಿ ಯಾವುದರಿಂದಲೂ ಯಾರೂ ವಾಲೈ ಹಿಡಿಯಲು ಹೊರಟಿರಲಿಲ್ಲ. ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ಹಾರಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಬಾಲ್ಯ ಕಳೆದದ್ದು ಕ್ರೆಸ್ಟ್‌ಲೈನರ್ ಹುಟ್ಟಿದ ಲಿಟಲ್ ಫಾಲ್ಸ್‌ನಲ್ಲೇ ಆದ್ದರಿಂದ ವಿಮಾನದ ಕೀರ್ತಿ ನ್ಯಾಯವಾಗಿ ಬೆಸುಗೆ ಪಕ್ಷಕ್ಕೆ ಸಲ್ಲಬೇಕೆಂದು ವಾದಿಸುವುದೂ ಅಸಾಧ್ಯವೇನಲ್ಲ. 1927ರ ಆ ವಿಮಾನದ ಮೈಗೆ ಹೊದಿಸಿದ್ದು ಬಟ್ಟೆಯೆಂಬ ಒಂದೇ ತೊಡಕಿದೆ.

ಇಷ್ಟು ಹೊತ್ತೂ ಮೌನವಾಗಿದ್ದ ಮೂರನೆಯ ಪಕ್ಷವೊಂದಿದೆ, ಅದು ಮನೆಯವರ ಪಕ್ಷ. ಈ ಪಕ್ಷದ ಪ್ರಾಚೀನತೆ ಅಲ್ಪವಲ್ಲ. ನಾರ್ವೆಯಿಂದ ವಿಸ್ಕಾನ್ಸಿನ್‌ಗೆ ಬಂದು ನೆಲೆಸಿದ ಓಲೆ ಎವಿನ್‌ರೂಡ್ 1909ರ ಸುಮಾರಿಗೆ ಔಟ್‌ಬೋರ್ಡ್ ಎಂಜಿನ್ ಮಾರಾಟಕ್ಕೆ ತಂದದ್ದಕ್ಕೂ ಒಂದು ಕೌಟುಂಬಿಕ ಐತಿಹ್ಯವಿದೆ: ಮನದನ್ನೆಗಾಗಿ ಹುಟ್ಟು ಹಾಕಿಕೊಂಡು ಹೋಗಿ ತಂದ ಐಸ್‌ಕ್ರೀಮು ನಡುನೀರಿನಲ್ಲೇ ಕರಗಿಹೋಯಿತಂತೆ. ಮೀನಿನ ಆಸೆಯಿಂದ ಹುಟ್ಟದೆ ಐಸ್‌ಕ್ರೀಮಿನ ದುಃಖದಿಂದ ಹುಟ್ಟಿದ ಯಂತ್ರವು ಇಂದಿಗೂ ಮಕ್ಕಳ ಕಡೆಗೇ ವಾಲುವುದರಲ್ಲಿ ಆಶ್ಚರ್ಯವಿಲ್ಲ. ಮಿನ್ನೆಸೋಟದ್ದೇ ಆದ ಲೇಕ್ ಸಿಟಿಯಲ್ಲಿ, ಪೆಪಿನ್ ಸರೋವರದ ಮೇಲೆ, ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹದಿನೆಂಟರ ಹುಡುಗ 1922ರಲ್ಲಿ ತುದಿ ಬಗ್ಗಿಸಿದ ಎರಡು ಪೈನ್ ಹಲಗೆಗಳ ಮೇಲೆ ನಿಂತು ದೋಣಿಯ ಹಿಂದೆ ನೀರಿನ ಮೇಲೆ ಜಾರಿದ. ವಾಟರ್ ಸ್ಕೀಯಿಂಗ್ ಎಂಬ ಆಟ ಅಲ್ಲಿಂದ ಮೊದಲಾಯಿತು, ಮೀನು ಹಿಡಿಯುವವನ ನೆಮ್ಮದಿ ಅಲ್ಲಿಗೆ ಮುಗಿಯಿತು. ವಾಲೈ ಹಿಡಿಯುವ ದೋಣಿ ಸದ್ದಿಲ್ಲದೆ ತೆವಳಬೇಕು, ಸ್ಕೀ ಎಳೆಯುವ ದೋಣಿ ಅಬ್ಬರಿಸಿ ಓಡಬೇಕು. ಈ ಎರಡು ವಿರುದ್ಧ ಧರ್ಮಗಳನ್ನು ಒಂದೇ ಒಡಲಿನಲ್ಲಿ ಕೂಡಿಸಲು ಹೋಗಿ, ಮುಂದುಗಡೆ ಮೀನಿನವರ ಅಟ್ಟಣೆ ಹಾಗೂ ಸದ್ದಿಲ್ಲದ ವಿದ್ಯುತ್ ಮೋಟಾರು, ಹಿಂದುಗಡೆ ಮಡಚಿದರೆ ಅಟ್ಟಣೆ ಬಿಚ್ಚಿದರೆ ಸೋಫಾ, ಸ್ಕೀ ಹಗ್ಗ ಕಟ್ಟುವ ಕಂಬ, ತಳದಲ್ಲಿ ಹಿಡಿದ ಮೀನನ್ನು ಜೀವಂತ ಇಡುವ ತೊಟ್ಟಿ ಇರುವ ಸಂಕರ ಮಾದರಿಯನ್ನು ಎರಡು ಕಂಪನಿಗಳೂ ಮಾಡುತ್ತಿವೆ.

ಮನೆಯವರ ಪಕ್ಷ ಕೇಳುವ ಪ್ರಶ್ನೆಗಳಲ್ಲಿ ರಿವೆಟ್ಟಿನ ಪ್ರಸ್ತಾಪವೇ ಇಲ್ಲ. ಎಳೆಯ ಮಗು ಬಗ್ಗಿ ನೋಡಿದರೆ ಬೀಳದಷ್ಟು ಪಕ್ಕದ ಗೋಡೆ ಎತ್ತರವಿದೆಯೇ, ಅಜ್ಜಿಗೆ ಬೆನ್ನಾನಿಸುವ ಪೀಠವಿದೆಯೇ, ಮಧ್ಯಾಹ್ನದ ಬಿಸಿಲಿಗೆ ಮೇಲ್ಮುಸುಕು ಉಂಟೇ, ನೀರಿಗಿಳಿದವರು ಹತ್ತಿ ಬರಲು ಏಣಿ ಎಲ್ಲಿ ಎಂದು ಅವರು ಕೇಳುತ್ತಾರೆ, ಮತ್ತು ಇವೆಲ್ಲಕ್ಕೂ ಉತ್ತರ ಬ್ರಾಂಡಿನಲ್ಲಿರದೆ ಮಾದರಿಯಲ್ಲಿರುತ್ತದೆ. ಇಪ್ಪತ್ತು ಅಡಿಗಿಂತ ಗಿಡ್ಡನೆಯ ಇಂಥ ದೋಣಿಗಳಿಗೆ ಅಮೆರಿಕದ ಕೋಸ್ಟ್ ಗಾರ್ಡ್ ನಿಯಮದಂತೆ ಸಾಮರ್ಥ್ಯದ ಫಲಕವೊಂದನ್ನು ಅಂಟಿಸಲೇಬೇಕಾಗಿದ್ದು, ಎಷ್ಟು ಜನ, ಒಟ್ಟು ಎಷ್ಟು ಪೌಂಡು ತೂಕ, ಎಷ್ಟು ಅಶ್ವಶಕ್ತಿ ಎಂಬುದು ಅದರಲ್ಲಿ ಸ್ಪಷ್ಟವಾಗಿರುತ್ತದೆ; ಮನೆಯ ಪ್ರತಿಯೊಬ್ಬರ ತೂಕ ಕೇಳಿ ಕೂಡಿಸುವ ಧೈರ್ಯ ಯಾರಿಗಿರಬೇಕೆಂಬುದನ್ನು ಮಾತ್ರ ನಿಯಮ ಹೇಳುವುದಿಲ್ಲ. ಹತ್ತು ವರ್ಷದೊಳಗಿನ ಮಕ್ಕಳು ದೋಣಿ ಚಲಿಸುತ್ತಿರುವಾಗ ತೇಲುಕವಚ ತೊಟ್ಟಿರಬೇಕೆಂದು ಮಿನ್ನೆಸೋಟದ ಕಾನೂನು ಹೇಳುತ್ತದೆ. ಇಲ್ಲಿ ಪರಿಹಾಸ್ಯಕ್ಕೆ ಎಡೆಯಿಲ್ಲ, ದೊಡ್ಡವರೂ ತೊಡುವುದೊಳ್ಳೆಯದು.

ಈಗ ಸಿದ್ಧಾಂತ. 1845ರಲ್ಲಿ ಆರಂಭವಾಗಿ ಬಿಲಿಯರ್ಡ್ಸ್ ಮೇಜುಗಳ ವ್ಯಾಪಾರದಿಂದ ಬೆಳೆದು ಬಂದ ಬ್ರನ್ಸ್‌ವಿಕ್ ಎಂಬ ಮಹಾಕಂಪನಿಯು 2004ರಲ್ಲಿ ಜೆನ್‌ಮಾರ್ ಎಂಬ ದೋಣಿ ಕಂಪನಿಯಿಂದ ಲುಂಡನ್ನೂ ಕ್ರೆಸ್ಟ್‌ಲೈನರನ್ನೂ, ಜೊತೆಗೆ ಲೋ ಎಂಬ ಇನ್ನೊಂದು ಬ್ರಾಂಡನ್ನೂ, 19.1 ಕೋಟಿ ಡಾಲರಿಗೆ ಒಟ್ಟಿಗೇ ಕೊಂಡಿತು. 2010ರಲ್ಲಿ ಲಿಟಲ್ ಫಾಲ್ಸ್‌ನ ಕಾರ್ಖಾನೆಯನ್ನು ಮುಚ್ಚಿ ಕ್ರೆಸ್ಟ್‌ಲೈನರ್ ತಯಾರಿಕೆಯನ್ನು ನ್ಯೂಯಾರ್ಕ್ ಮಿಲ್ಸ್‌ಗೆ, ಅಂದರೆ ಲುಂಡ್‌ನ ತವರಿಗೇ, ಒಯ್ಯುವ ನಿರ್ಧಾರ ಹೊರಬಿತ್ತು. ದೋಣಿಯ ಹಿಂದೆ ತೂಗುವ ಮರ್ಕ್ಯುರಿ ಎಂಜಿನ್ನೂ ಬ್ರನ್ಸ್‌ವಿಕ್ಕಿನದೇ. ಎಂದರೆ, ಸರೋವರದ ದಡದಲ್ಲಿ ಭೇದವೇ ಸತ್ಯವೆನ್ನುವವನೂ ಅಭೇದವೇ ಸತ್ಯವೆನ್ನುವವನೂ ವರ್ಷಗಟ್ಟಲೆ ಮಾತು ಬಿಟ್ಟು ಕೂತಿದ್ದರೂ, ಇಬ್ಬರ ಚೆಕ್ಕುಗಳೂ ಕೊನೆಗೆ ಒಂದೇ ಖಾತೆಯಲ್ಲಿ ಐಕ್ಯವಾಗುತ್ತವೆ. ಅದೇ ನ್ಯೂಯಾರ್ಕ್ ಮಿಲ್ಸ್‌ನಲ್ಲಿ 1993ರಲ್ಲಿ ಜನಸಾಮಾನ್ಯರ ತತ್ತ್ವಚರ್ಚೆಯ ಸ್ಪರ್ಧೆಯೊಂದು ಆರಂಭವಾಯಿತು. ಮನುಷ್ಯ ಹುಟ್ಟಾ ಒಳ್ಳೆಯವನೋ ಕೆಟ್ಟವನೋ ಎಂಬುದು ಅದರ ಮೊದಲ ವರ್ಷದ ಪ್ರಶ್ನೆ, ತೀರ್ಪು ಸಭಿಕರ ಮತದಿಂದ. ಆ ಪ್ರಶ್ನೆ ಒಂದು ಸಂಜೆಯಲ್ಲಿ ಇತ್ಯರ್ಥವಾಯಿತು. ರಿವೆಟ್ಟು–ಬೆಸುಗೆಗಳ ಪ್ರಶ್ನೆಗೆ ಒಂದು ಸಂಜೆ ಸಾಲದು.

ಆದ್ದರಿಂದ ನಿರ್ಣಯ ಇಷ್ಟು. ಮಿಲ್ ಲ್ಯಾಕ್ಸ್‌ನಂಥ ವಿಶಾಲವೂ ಆಳವಿಲ್ಲದ್ದೂ ಆದ, ಗಾಳಿ ಎದ್ದರೆ ಗಿಡ್ಡ ಕಡಿದಾದ ಅಲೆಗಳೇಳುವ ಸರೋವರಕ್ಕೆ ಹೋಗುವ ಕುಟುಂಬವು ತಳ ಆಳವಾಗಿ ಚೂಪಾಗಿರುವ, ಗೋಡೆ ಎತ್ತರವಿರುವ, ಎಲ್ಲರಿಗೂ ಪೀಠವಿರುವ ದೋಣಿಯನ್ನು ಮೊದಲು ಗೊತ್ತುಮಾಡಿಕೊಂಡು, ಅಂಥದನ್ನು ಮಾರುವ ಮತ್ತು ಕೆಟ್ಟಾಗ ದುರಸ್ತಿ ಮಾಡಿಕೊಡುವ ಅಂಗಡಿ ಯಾವ ಬ್ರಾಂಡಿನದು ಮನೆಗೆ ಹತ್ತಿರವೋ ಆ ಬ್ರಾಂಡನ್ನು ಕೊಳ್ಳತಕ್ಕದ್ದು. ಅಂಗಡಿಗಳೆರಡೂ ಒಂದೇ ದೂರದಲ್ಲಿದ್ದರೆ ಬಣ್ಣದ ಆಯ್ಕೆಯನ್ನು ಮಕ್ಕಳಿಗೆ ಬಿಡತಕ್ಕದ್ದು. ಇನ್ನು ನೀರು ಒಳಗೆ ಬರುವ ದಾರಿಯ ಬಗ್ಗೆ ಇಷ್ಟೆಲ್ಲ ವಾದ ನಡೆದಿರುವುದರಿಂದ ಒಂದು ಮಾತು ಹೇಳುವುದು ಉಳಿದಿದೆ. ಎರಡು ದೋಣಿಗಳ ಹಿಂಬದಿಯಲ್ಲೂ, ತಳಕ್ಕೆ ಹತ್ತಿರದಲ್ಲಿ, ಒಳಗೆ ಸೇರಿದ ನೀರನ್ನು ಬಸಿಯಲು ಕಂಪನಿಯವರೇ ಕೊರೆದಿಟ್ಟ ತೂತೊಂದಿದೆ. ಒಂದು ಸರೋವರದ ಅನ್ಯಜೀವಿಗಳು ಇನ್ನೊಂದಕ್ಕೆ ಸಾಗದಿರಲೆಂದು ದೋಣಿಯನ್ನು ರಸ್ತೆಯಲ್ಲಿ ಒಯ್ಯುವಾಗ ಅದರ ಬಿರಡೆಯನ್ನು ತೆಗೆದಿಟ್ಟಿರಬೇಕೆಂದು ಮಿನ್ನೆಸೋಟದ ಕಾನೂನು ವಿಧಿಸುತ್ತದೆ. ರಿವೆಟ್‌ವಾದಿಯಾಗಲಿ ಬೆಸುಗೆವಾದಿಯಾಗಲಿ, ದೋಣಿಯನ್ನು ಮತ್ತೆ ನೀರಿಗಿಳಿಸುವ ಮುನ್ನ ಆ ಬಿರಡೆಯನ್ನು ಮರೆಯದೆ ಹಾಕಿಕೊಳ್ಳತಕ್ಕದ್ದು.